ಸಂತರ್ಪಣೆಯೂ ಯಕೃತ್ತೂ: ನಮ್ಮ ಆಹಾರೇತಿಹಾಸದ ಒಂದು ವಾದದ ವಿಮರ್ಶೆ

1

ನಮ್ಮ ನಾಡಿನ ಇತಿಹಾಸಕಾರರ ಗಮನವನ್ನು ಬಹುಕಾಲ ಸೆಳೆಯದೆ ಉಳಿದಿದ್ದ ವಿಷಯಗಳಲ್ಲಿ ಆಹಾರವೂ ಒಂದು. ರಾಜವಂಶಗಳ ಕಾಲನಿರ್ಣಯ, ದಾನಶಾಸನಗಳ ಪಾಠಪರಿಷ್ಕಾರ, ದೇವಾಲಯಗಳ ಶಿಲ್ಪವಿಚಾರ ಮುಂತಾದ ಕಾರ್ಯಗಳಲ್ಲಿ ನಿರತರಾಗಿದ್ದ ವಿದ್ವಾಂಸರಿಗೆ ಅಡುಗೆಮನೆಯತ್ತ ತಿರುಗಲು ಅವಕಾಶ ಒದಗಲಿಲ್ಲ. ಈಚಿನ ದಶಕಗಳಲ್ಲಿ ಈ ಕೊರತೆಯು ತಕ್ಕಮಟ್ಟಿಗೆ ನೀಗಿರುವುದು ಸಂತೋಷದ ಸಂಗತಿ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, ಕಲ್ಲಹಳ್ಳಿಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇವುಗಳ ಹೆಸರು ಇಂದು ವಿದ್ವದ್ಗೋಷ್ಠಿಗಳಲ್ಲಿ ಮಾತ್ರವಲ್ಲದೆ ಸ್ಮರಣ ಸಂಚಿಕೆಗಳಲ್ಲಿಯೂ ಆಹಾರ ಮೇಳಗಳ ಭಾಷಣಗಳಲ್ಲಿಯೂ ಕೇಳಿಬರುತ್ತಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲಂತೂ ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಸ್ಮರಿಸದೆ ಮುಗಿಯುವ ಭಾಷಣವೇ ವಿರಳವಾಗಿದೆ.

ಈ ಆಸಕ್ತಿಯ ಬೆನ್ನಿಗೇ ಒಂದು ವಾದವೂ ಬೆಳೆದು ಬಂದಿದೆ. ಅದನ್ನು ಸಂಗ್ರಹಿಸಿ ಹೇಳುವುದಾದರೆ ಹೀಗೆ: ನಮ್ಮ ಹಿರಿಯರು ಅನ್ನ, ತುಪ್ಪ, ಬೆಲ್ಲಗಳನ್ನು ಹೊಟ್ಟೆತುಂಬ ಉಂಡರು; ಅವರಿಗೆ ಅತಿಸ್ಥೂಲತೆಯಾಗಲಿ ಅದರಿಂದ ಹುಟ್ಟುವ ರೋಗಗಳಾಗಲಿ ಇರಲಿಲ್ಲ; ಆದಕಾರಣ ದೋಷವು ಉಣ್ಣುವ ಪ್ರಮಾಣದಲ್ಲಿಲ್ಲ, ಪರದೇಶದಿಂದ ಬಂದ ತಿನಿಸುಗಳಲ್ಲಿದೆ; ಹಿರಿಯರ ಊಟಕ್ಕೆ ಹಿಂದಿರುಗಿದರೆ ಸಾಕು, ರೋಗವು ತಾನಾಗಿ ತೊಲಗುವುದು. ಈ ವಾದವನ್ನು ನಾವು ಇಲ್ಲಿ ಅನುಕೂಲಕ್ಕಾಗಿ ‘ಹಿರಿಯರ ಊಟದ ವಾದ’ವೆಂದು ಕರೆಯುತ್ತೇವೆ.

ವೈದ್ಯರು ವಿಚಾರಿಸಬೇಕಾದ ವಿಷಯದಲ್ಲಿ ಇತಿಹಾಸ ವಿಭಾಗದ ಸಂಚಿಕೆಯೊಂದು ತಲೆಹಾಕುವುದು ಉಚಿತವೆ ಎಂಬ ಪ್ರಶ್ನೆ ಏಳಬಹುದು. ಈ ವಾದದ ಮೊದಲೆರಡು ಅಂಗಗಳು ಗತಕಾಲವನ್ನು ಕುರಿತ ಹೇಳಿಕೆಗಳು. ಅವುಗಳಿಗೆ ಆಧಾರವೆಂದು ತೋರಿಸುವುದು ನಮ್ಮ ಶಾಸ್ತ್ರದ ಆಕರಗಳನ್ನೆ. ಆಕರಗಳನ್ನು ತಪ್ಪಾಗಿ ಓದಿದ ಫಲವಾಗಿ ಒಬ್ಬ ರೋಗಿಯು ವೈದ್ಯರ ಬಳಿಗೆ ಹೋಗುವುದನ್ನು ಒಂದು ವರ್ಷ ಮುಂದಕ್ಕೆ ಹಾಕಿದನೆಂದರೆ, ಆ ಹೊಣೆಯಲ್ಲಿ ಇತಿಹಾಸಕಾರನಿಗೂ ಪಾಲುಂಟು. ಯಕೃತ್ತಿನಲ್ಲಿ ಕೊಬ್ಬು ಶೇಖರವಾಗುವ ರೋಗವು, ಜನರ ಬಾಯಲ್ಲಿ ‘ಫ್ಯಾಟಿ ಲಿವರ್’ ಆಗಿರುವ ರೋಗವು, ಬಹುಕಾಲ ನೋವು ತೋರದೆ ಬೆಳೆಯತಕ್ಕದ್ದು. ಅಂಥ ರೋಗದ ವಿಷಯದಲ್ಲಿ ಹುಸಿಧೈರ್ಯ ಹೇಳುವ ವಾದವನ್ನು ಪರೀಕ್ಷಿಸದೆ ಬಿಡುವುದು ಸರಿಯಲ್ಲ.

ವಿಚಾರವು ಗಾಳಿಯಲ್ಲಿ ನಿಲ್ಲದಂತೆ ನಾವು ಒಂದು ಪ್ರದೇಶವನ್ನು ನಿದರ್ಶನವಾಗಿ ಇಟ್ಟುಕೊಳ್ಳುತ್ತೇವೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಸಲೆಯೂ ಅದರ ಸುತ್ತಿನಿಂದ ನಂಜನಗೂಡಿನವರೆಗಿನ ಸೀಮೆಯೂ ಇದಕ್ಕೆ ತಕ್ಕುದಾಗಿವೆ. ಕಾವೇರಿ, ಕಪಿಲೆಗಳ ನೀರುಂಡ ಗದ್ದೆಯೂ ಮಳೆಯನ್ನೇ ನಂಬಿದ ರಾಗಿಯ ಹೊಲವೂ ಇಲ್ಲಿ ಅಕ್ಕಪಕ್ಕದಲ್ಲಿವೆ. ಮಠ, ದೇವಾಲಯ, ಶಾಸನಗಳು ಹೇರಳವಾಗಿವೆ. ಈ ತಾಲ್ಲೂಕಿನದೇ ಒಂದು ಗ್ರಾಮವು ಸಮಾಜಶಾಸ್ತ್ರದ ಪ್ರಸಿದ್ಧ ಅಧ್ಯಯನಕ್ಕೆ ವಸ್ತುವಾಗಿದೆ.

2

ಮೊದಲನೆಯ ಹೇಳಿಕೆ: ಹಿರಿಯರು ತುಪ್ಪ, ಬೆಲ್ಲ, ಅನ್ನಗಳನ್ನು ಹೊಟ್ಟೆತುಂಬ ಉಂಡರು. ಇದಕ್ಕೆ ಕೊಡುವ ಆಧಾರಗಳನ್ನು ಒಂದೊಂದಾಗಿ ನೋಡೋಣ.

‘ಮಾನಸೋಲ್ಲಾಸ’ವು 12ನೆಯ ಶತಮಾನದ ಮೊದಲರ್ಧದಲ್ಲಿ ಹುಟ್ಟಿದ ಗ್ರಂಥ. ಅದರ ಅನ್ನಭೋಗದ ಪ್ರಕರಣದಲ್ಲಿ ಬಗೆಬಗೆಯ ಅನ್ನ, ಮಾಂಸ, ಭಕ್ಷ್ಯಗಳ ವರ್ಣನೆಯಿದೆ. ಆದರೆ ಆ ಪ್ರಕರಣಕ್ಕಿರುವ ಹೆಸರನ್ನೇ ಗಮನಿಸಬೇಕು: ಅದು ‘ಭೋಗ’, ಅರಸನು ಅನುಭವಿಸತಕ್ಕ ಸುಖಗಳ ಪಟ್ಟಿಯಲ್ಲಿ ಒಂದು. ಅರಸನ ತಟ್ಟೆಯನ್ನು ನೋಡಿ ನಾಡಿನ ತಟ್ಟೆಯನ್ನು ಊಹಿಸುವುದು, ಅರಸನ ಆನೆಯನ್ನು ನೋಡಿ ಮನೆಗೊಂದು ಆನೆಯಿತ್ತೆಂದು ಬರೆದಂತೆ ಆಗುವುದು. ಮಂಗರಸನ ‘ಸೂಪಶಾಸ್ತ್ರ’ವಾದರೋ 16ನೆಯ ಶತಮಾನದ ಆರಂಭದ್ದು, ಕನ್ನಡದಲ್ಲಿ ಷಟ್ಪದಿಯಲ್ಲಿ ರಚಿತವಾದದ್ದು, ಮೈಸೂರು ಸೀಮೆಯವನೇ ಆದ ಒಬ್ಬ ಜೈನ ಪ್ರಭುವಿನ ಕೃತಿ. ನಮ್ಮ ಪ್ರದೇಶಕ್ಕೆ ಅದು ಹತ್ತಿರದ ಸಾಕ್ಷ್ಯವೇ ಸರಿ. ಆದರೂ ಅದು ಪಾಕದ ಕುಶಲತೆಯನ್ನು ಹೇಳುವ ಶಾಸ್ತ್ರಗ್ರಂಥ. ಒಂದು ಭಕ್ಷ್ಯವನ್ನು ಹೇಗೆ ಮಾಡಬೇಕೆಂಬುದು ಅದರಿಂದ ತಿಳಿಯುತ್ತದೆಯೇ ಹೊರತು ವರ್ಷಕ್ಕೆ ಎಷ್ಟು ಸಲ, ಯಾರ ಮನೆಯಲ್ಲಿ, ತಲೆಗೆಷ್ಟರಂತೆ ಅದು ಖರ್ಚಾಯಿತೆಂಬುದು ತಿಳಿಯದು.

ಶಾಸನಗಳ ವಿಷಯವೂ ಹೀಗೆಯೇ. ಬಿ. ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ತಿರುಮಕೂಡಲು ನರಸೀಪುರ, ನಂಜನಗೂಡು ತಾಲ್ಲೂಕುಗಳ ಶಾಸನಗಳು ಸೇರಿವೆ. ತಲಕಾಡು, ಸೋಮನಾಥಪುರ ಮೊದಲಾದ ಸ್ಥಳಗಳನ್ನೊಳಗೊಂಡ ಈ ಸೀಮೆಯಲ್ಲಿ ದೇವರ ನೈವೇದ್ಯಕ್ಕೆ, ನಂದಾದೀಪಕ್ಕೆ, ಬ್ರಾಹ್ಮಣರ ಭೋಜನಕ್ಕೆ ಬಿಟ್ಟ ಭೂಮಿಯ ವಿವರಗಳು ದೊರೆಯುವುದು ಸಹಜವೇ. ದಾನಶಾಸನವು ದಾನವನ್ನು ಹೇಳುತ್ತದೆ. ಆ ಭೂಮಿಯನ್ನು ಉತ್ತವನು ಅಂದು ರಾತ್ರಿ ಏನು ಉಂಡನೆಂಬುದನ್ನು ಕಲ್ಲಿನಲ್ಲಿ ಕೊರೆಯಿಸಲು ಯಾರಿಗೂ ಕಾರಣವಿರಲಿಲ್ಲ. ಹಬ್ಬವು ದಾಖಲೆಯಾಗುತ್ತದೆ, ಹಬ್ಬವಲ್ಲದ ಮುನ್ನೂರು ದಿನಗಳು ಆಗುವುದಿಲ್ಲ. ಆಕರಗಳ ಈ ಸ್ವಭಾವವನ್ನು ಮರೆತು ಹಬ್ಬವನ್ನೇ ವರ್ಷವೆಂದು ಎಣಿಸಿದ್ದೇ ಹಿರಿಯರ ಊಟದ ವಾದದ ಮೂಲದೋಷವೆಂದು ನಮ್ಮ ಅಭಿಪ್ರಾಯ.

ದಿನನಿತ್ಯದ ಊಟದ ಸಾಕ್ಷ್ಯವೇ ಇಲ್ಲವೆಂದಲ್ಲ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ದುಡಿಯುವ ಜನರ ಸಾಮಾನ್ಯ ಆಹಾರವು ರಾಗಿಯೆಂದು ಬರೆದಿಟ್ಟಿದ್ದಾನೆ. ನೀರಾವರಿಯುಳ್ಳ ಊರಿನಲ್ಲಿ ಬತ್ತ ಬೆಳೆದವನೂ ಅದನ್ನೆಲ್ಲ ಉಣ್ಣುತ್ತಿದ್ದನೆಂದು ಭಾವಿಸಲಾಗದು. ಬತ್ತವು ಕಂದಾಯಕ್ಕೂ ಗುತ್ತಿಗೆಗೂ ಮಾರಾಟಕ್ಕೂ ಹೋಗುವ ಬೆಳೆ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟು, ನಂಜನಗೂಡು ಸೀಮೆಯ ಹುಲ್ಲಹಳ್ಳಿ ಅಣೆಕಟ್ಟು ಇವುಗಳ ನಾಲೆಗಳು ಬಹುಕಾಲದಿಂದ ಗದ್ದೆಗಳಿಗೆ ನೀರುಣಿಸಿದರೂ ಅನ್ನವು ಬಹುಜನರಿಗೆ ಹಬ್ಬದ ಊಟವಾಗಿಯೇ ಉಳಿದಿತ್ತು. ಎಂ. ಎನ್. ಶ್ರೀನಿವಾಸರು 1948ರಲ್ಲಿ ಈ ತಾಲ್ಲೂಕಿನ ಕೊಡಗಹಳ್ಳಿಯಲ್ಲಿದ್ದು ನಡೆಸಿದ ಅಧ್ಯಯನವು ‘ರಾಂಪುರ’ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧವಾಗಿದೆ. 1976ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ನಮಗೆ ಕಾಣುವುದು ಬೆಳಗಿನಿಂದ ಬೈಗಿನವರೆಗೆ ಮೈಮುರಿದು ದುಡಿಯುವ, ಮುದ್ದೆಯನ್ನು ಮುಖ್ಯ ಆಹಾರವಾಗಿ ಉಳ್ಳ ಒಕ್ಕಲುತನದ ಚಿತ್ರವೇ ಆಗಿದೆ. ತುಪ್ಪದ ಹೊಳೆಯಲ್ಲಿ ತೇಲಿದ ಜನರದಲ್ಲ.

ಇನ್ನು 1876-78ರ ಮಹಾಕ್ಷಾಮವನ್ನು ಮರೆಯುವಂತಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಗಳನ್ನು ಬಲ್ಲವರು ‘ನಮ್ಮ ಹಿರಿಯರು ಯಥೇಚ್ಛವಾಗಿ ಉಂಡರು’ ಎಂಬ ವಾಕ್ಯವನ್ನು ಬರೆಯುವ ಮುನ್ನ ಲೇಖನಿಯನ್ನು ಕ್ಷಣಕಾಲ ತಡೆಯುವುದು ಯುಕ್ತ.

3

ಎರಡನೆಯ ಹೇಳಿಕೆ: ಅತಿಪೋಷಣೆಯ ರೋಗಗಳು ಹಿರಿಯರಿಗೆ ಇರಲಿಲ್ಲ. ಇದನ್ನು ಅಲ್ಲಗಳೆಯಲು ಪರದೇಶದ ಗ್ರಂಥಗಳನ್ನು ಅರಸಬೇಕಾಗಿಲ್ಲ. ‘ಚರಕಸಂಹಿತೆ’ಯ ಸೂತ್ರಸ್ಥಾನದ 21ನೆಯ ಅಧ್ಯಾಯವು ನಿಂದ್ಯವಾದ ಎಂಟು ಬಗೆಯ ದೇಹಗಳನ್ನು ಹೇಳುವಲ್ಲಿ ಅತಿಸ್ಥೂಲವನ್ನೂ ಅತಿಕೃಶವನ್ನೂ ವಿಶೇಷವಾಗಿ ವಿಚಾರಿಸುತ್ತದೆ. ಅತಿಸ್ಥೂಲತೆಗೆ ಅಲ್ಲಿ ಹೇಳಿರುವ ಕಾರಣಗಳು ಅತಿಭೋಜನ, ಗುರುವೂ ಮಧುರವೂ ಸ್ನಿಗ್ಧವೂ ಆದ ಆಹಾರ, ವ್ಯಾಯಾಮವಿಲ್ಲದಿರುವುದು, ಹಗಲುನಿದ್ರೆ, ಮತ್ತು ಬೀಜಸ್ವಭಾವ. ಕೊನೆಯದನ್ನು ಇಂದಿನವರು ಆನುವಂಶಿಕತೆ ಎನ್ನುತ್ತಾರೆ. ಪರದೇಶದ ತಿನಿಸಿನ ಸೋಂಕಿಲ್ಲದ ಕಾಲದಲ್ಲಿಯೇ ಈ ಪಟ್ಟಿ ಸಿದ್ಧವಾಗಿತ್ತು.

ಅದೇ ಸ್ಥಾನದ 23ನೆಯ ಅಧ್ಯಾಯದ ಹೆಸರು ‘ಸಂತರ್ಪಣೀಯ’. ಕನ್ನಡಿಗರಿಗೆ ‘ಸಂತರ್ಪಣೆ’ಯೆಂದರೆ ಜಾತ್ರೆಯಲ್ಲಿ, ಮಠದಲ್ಲಿ, ಆರಾಧನೆಯಲ್ಲಿ ನಡೆಯುವ ತೃಪ್ತಿಭೋಜನ. ಚರಕನ ಅಧ್ಯಾಯವಾದರೋ ಅತಿತರ್ಪಣದಿಂದ ಹುಟ್ಟುವ ರೋಗಗಳ ಪಟ್ಟಿಯನ್ನು ಕೊಡುತ್ತದೆ. ಹೊಸ ಧಾನ್ಯ, ಬೆಲ್ಲದ ಪದಾರ್ಥ, ಹಾಲಿನ ಪದಾರ್ಥ, ಜಿಡ್ಡು ಇವುಗಳನ್ನು ಅತಿಯಾಗಿ ಸೇವಿಸಿ ಚೇಷ್ಟೆಯಿಲ್ಲದೆ ಇರುವವನಿಗೆ ಪ್ರಮೇಹಾದಿಗಳು ಬರುತ್ತವೆಂದು ಅದರ ಅಭಿಪ್ರಾಯ. ಒಂದೇ ಪದವು ಒಂದು ಕಡೆ ಪುಣ್ಯಕಾರ್ಯವನ್ನೂ ಇನ್ನೊಂದು ಕಡೆ ರೋಗಕಾರಣವನ್ನೂ ಸೂಚಿಸುತ್ತಿರುವುದು ಯೋಚಿಸತಕ್ಕದ್ದು. ಹಿರಿಯರಿಗೆ ರೋಗವೇ ಇರಲಿಲ್ಲವೆನ್ನುವವರು, ಹಿರಿಯರು ರೋಗವನ್ನು ಕಂಡು ಬರೆದಿಟ್ಟದ್ದನ್ನು ಓದಿಲ್ಲವೆಂದೇ ಹೇಳಬೇಕಾಗಿದೆ. ಆ ರೋಗ ಬಹುಜನರಿಗೆ ಬರಲಿಲ್ಲವೆಂದರೆ ಕಾರಣ ಬೇರೆ: ಅತಿಯಾಗಿ ಉಣ್ಣುವಷ್ಟು ಅವರ ಬಳಿ ಇರಲಿಲ್ಲ.

ಉಂಡವರಲ್ಲಿಯೂ ಸಂಯಮದ ಒಂದು ಕ್ರಮವಿತ್ತೆಂಬುದನ್ನು ಒಪ್ಪಬೇಕು. ಸೋಸಲೆಯು ವ್ಯಾಸರಾಜ ಮಠದಿಂದ ಹೆಸರಾದ ಊರು. ವ್ಯಾಸರಾಯರು (1460-1539) ಹುಟ್ಟಿದ್ದು ಇದೇ ತಾಲ್ಲೂಕಿನ ಬನ್ನೂರಿನಲ್ಲಿ ಎಂಬುದು ಸಂಪ್ರದಾಯ. ಮಾಧ್ವ ಸಂಪ್ರದಾಯದಲ್ಲಿ ಏಕಾದಶಿಯ ನಿರಾಹಾರವೂ ಚಾತುರ್ಮಾಸ್ಯದ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳೂ ವಿಧಿಸಲ್ಪಟ್ಟಿವೆ. ದ್ವಾದಶಿಯ ಪಾರಣೆಗೆ ಹಿಂದಿನ ದಿನದ ಉಪವಾಸವು ಜೊತೆಯಾಗಿತ್ತು. ಇಂದಿನ ಲೇಖಕರು ಪಾರಣೆಯ ಅಡುಗೆಯನ್ನು ಅಚ್ಚು ಹಾಕಿಸಿ ಉಪವಾಸದ ಪುಟವನ್ನು ಬಿಟ್ಟುಬಿಡುತ್ತಾರೆ. ಇಷ್ಟರಿಂದ ಏಕಾದಶಿಯು ಯಕೃತ್ತಿನ ಚಿಕಿತ್ಸೆಯೆಂದು ಸಾರುವುದೂ ತಪ್ಪಾದೀತು. ಅದು ವ್ರತ, ಅದರ ಉದ್ದೇಶ ಬೇರೆ. ಅರ್ಧ ಆಚಾರವನ್ನು ಮಾತ್ರ ಎತ್ತಿ ತೋರಿಸಿ ಅದನ್ನು ಪರಂಪರೆಯೆಂದು ಕರೆಯಬಾರದೆಂಬುದಷ್ಟೇ ನಮ್ಮ ಮಾತು.

4

ಮೂರನೆಯ ಹೇಳಿಕೆ: ದೋಷವು ಪ್ರಮಾಣದಲ್ಲಿಲ್ಲ. ಇಲ್ಲಿ ಶರೀರಶಾಸ್ತ್ರವು ಸ್ಥಾಪಿಸಿರುವ ವಿಷಯಗಳನ್ನು ಸಂಕ್ಷೇಪವಾಗಿಯಾದರೂ ಹೇಳುವುದು ಅವಶ್ಯ.

ವಯಸ್ಕನ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಉಂಡ ಅನ್ನದ ಪಿಷ್ಟವು ಗ್ಲೂಕೋಸ್ ಆಗಿ ರಕ್ತಕ್ಕೆ ಸೇರಿದಾಗ, ಯಕೃತ್ತು ಅದರ ಒಂದು ಭಾಗವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಆದರೆ ಈ ಕಣಜವು ಚಿಕ್ಕದು. ಸುಮಾರು 100 ಗ್ರಾಂ ಹಿಡಿಯುವಷ್ಟು ಮಾತ್ರ. ಕಣಜ ತುಂಬಿದ ಮೇಲೂ ಬರುತ್ತಲೇ ಇರುವ ಶರ್ಕರವನ್ನು ಯಕೃತ್ತು ಕೊಬ್ಬಾಗಿ ಮಾರ್ಪಡಿಸುತ್ತದೆ. ದೇಹದ ಕೊಬ್ಬಿನ ಕೋಶಗಳು ಬಿರಿಯುವಷ್ಟು ತುಂಬಿದಾಗ ಅವು ಇನ್ಸುಲಿನ್ನಿನ ಆಜ್ಞೆಯನ್ನು ಸರಿಯಾಗಿ ಪಾಲಿಸದೆ ತಮ್ಮಲ್ಲಿರುವ ಕೊಬ್ಬಿನಾಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ. ಅವೂ ಯಕೃತ್ತನ್ನು ಸೇರುತ್ತವೆ. ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕಂಡುಬಂದರೆ ಅದು ರೋಗದ ಮೊದಲ ಮೆಟ್ಟಿಲು. ಕೆಲವರಲ್ಲಿ ಅದು ಉರಿಯೂತಕ್ಕೂ, ಅಲ್ಲಿಂದ ನಾರುಗಟ್ಟುವಿಕೆಗೂ, ಕಡೆಗೆ ಸಿರೋಸಿಸ್ ಅಥವಾ ಅರ್ಬುದಕ್ಕೂ ಮುಂದುವರಿಯುತ್ತದೆ.

ಕೊಬ್ಬು ಎಲ್ಲಿಂದ ಬಂತೆಂಬುದನ್ನು 2005ರಲ್ಲಿ ಅಮೆರಿಕದ ಮಿನ್ನೆಸೋಟದ ಸಂಶೋಧಕರು ಸ್ಥೂಲಕಾಯರಾದ ಕೆಲವು ರೋಗಿಗಳಲ್ಲಿ ಅಳೆದು ತೋರಿಸಿದರು. ಯಕೃತ್ತಿನ ಕೊಬ್ಬಿನಲ್ಲಿ ಶೇಕಡ 59ರಷ್ಟು ದೇಹದ ಕೊಬ್ಬಿನ ಕೋಶಗಳಿಂದ ಹರಿದುಬಂದದ್ದು. ಶೇಕಡ 26ರಷ್ಟು ಯಕೃತ್ತೇ ಹೊಸದಾಗಿ ನಿರ್ಮಿಸಿದ್ದು. ಊಟದ ಜಿಡ್ಡಿನಿಂದ ನೇರವಾಗಿ ಬಂದದ್ದು ಶೇಕಡ 15ರಷ್ಟು ಮಾತ್ರ. ಜಿಡ್ಡನ್ನು ಬಿಟ್ಟು ಅನ್ನ, ಸಕ್ಕರೆಗಳನ್ನು ಎಷ್ಟು ತಿಂದರೂ ಬಾಧಕವಿಲ್ಲವೆಂಬ ನಂಬಿಕೆಗೆ ಈ ಅಳತೆಯು ಎಡೆಗೊಡುವುದಿಲ್ಲ.

ಅತ್ಯಾಹಾರವೇ ಕಾರಣವಾಗಬಲ್ಲದೆಂಬುದಕ್ಕೆ ಸ್ವೀಡನ್ನಿನ ಪ್ರಯೋಗವೊಂದು ಸಾಕ್ಷಿ. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರೋಗ್ಯವಂತರಾದ 18 ಮಂದಿ ತರುಣ ತರುಣಿಯರು ನಾಲ್ಕು ವಾರಗಳ ಕಾಲ ತಮ್ಮ ಕ್ಯಾಲೊರಿಗಳನ್ನು ಇಮ್ಮಡಿಗೊಳಿಸಿ, ವ್ಯಾಯಾಮವನ್ನು ತಗ್ಗಿಸಿ, ದಿನಕ್ಕೆರಡು ಸಲ ಹೋಟೆಲಿನ ಸಿದ್ಧ ತಿನಿಸನ್ನು ಉಂಡರು. ಅವರ ತೂಕ ಸರಾಸರಿ 6.4 ಕಿಲೋಗ್ರಾಂ ಏರಿತು. ಯಕೃತ್ತಿಗೆ ಪೆಟ್ಟಾಗಿರುವುದನ್ನು ಸೂಚಿಸುವ ಎ.ಎಲ್.ಟಿ. ಎಂಬ ಕಿಣ್ವವು ರಕ್ತದಲ್ಲಿ ಸರಾಸರಿ 22 ಮಾನಗಳಿಂದ 97 ಮಾನಗಳಿಗೆ ಹೋಯಿತು. ಮದ್ಯವಿಲ್ಲದೆ, ಪೂರ್ವರೋಗವಿಲ್ಲದೆ, ಒಂದೇ ತಿಂಗಳಲ್ಲಿ ಆದ ಪರಿಣಾಮವಿದು.

ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತಲೂ ಹಳೆಯದಾದ ಒಂದು ಪ್ರಯೋಗ ಗೊತ್ತಿರಬೇಕು. ಪ್ರಾಚೀನ ರೋಮನರು ಹೆಬ್ಬಾತುಗಳಿಗೆ ಒಣ ಅಂಜೂರವನ್ನು ತುರುಕಿ ತಿನ್ನಿಸಿ ಅವುಗಳ ಯಕೃತ್ತನ್ನು ಕೊಬ್ಬಿಸುತ್ತಿದ್ದರು. ಇದೇ ಉಪಾಯವನ್ನು ಹೆಣ್ಣುಹಂದಿಗಳ ಮೇಲೆ ನಡೆಸಿದವನು ಅಪೀಕಿಯಸ್ ಎಂದು ಪ್ಲಿನಿ ಬರೆದಿದ್ದಾನೆ. ಅಂಜೂರಕ್ಕೆ ಲ್ಯಾಟಿನ್ನಿನಲ್ಲಿ ‘ಫೀಕುಸ್’. ಅಂಜೂರದಿಂದ ಕೊಬ್ಬಿಸಿದ ಯಕೃತ್ತಿಗೆ ‘ಫಿಕಾತುಮ್’. ಈ ವಿಶೇಷಣವೇ ಮುಂದೆ ಯಕೃತ್ತಿನ ಹೆಸರಾಗಿ ಇಟಲಿಯ ‘ಫೆಗತೊ’, ಫ್ರಾನ್ಸಿನ ‘ಫ್ವಾ’, ಸ್ಪೇನಿನ ‘ಈಗದೊ’ ಎಂಬ ಶಬ್ದಗಳಾದುವು. ಹೆಬ್ಬಾತಿಗೆ ರೋಮನರು ಉಣ್ಣಿಸಿದ್ದು ತುಪ್ಪವನ್ನಲ್ಲ, ಸಿಹಿಯಾದ ಹಣ್ಣನ್ನು. ಇಂದು ಫ್ರಾನ್ಸಿನಲ್ಲಿ ಉಣ್ಣಿಸುವುದು ಮುಸುಕಿನ ಜೋಳವನ್ನು. ಪಿಷ್ಟವೂ ಶರ್ಕರವೂ ಅತಿಯಾದಾಗ ಯಕೃತ್ತಿನಲ್ಲಿ ಕೊಬ್ಬಾಗುವುದೆಂಬ ಸಂಗತಿ ಹೀಗೆ ಎರಡು ಸಾವಿರ ವರ್ಷಗಳಿಂದ ಭಾಷೆಯಲ್ಲಿಯೇ ಹುದುಗಿದೆ. ಆಹಾರವು ಸ್ವದೇಶಿಯೋ ವಿದೇಶಿಯೋ ಎಂಬುದನ್ನು ಯಕೃತ್ತು ವಿಚಾರಿಸುವುದಿಲ್ಲ.

5

ಈಗ ‘ರಾಮಧಾನ್ಯ ಚರಿತೆ’ಗೆ ಬರೋಣ. ನರೆದಲೆಗಕ್ಕೂ ವ್ರೀಹಿಗೂ ನಡೆದ ಜಗಳವನ್ನು ತೀರ್ಮಾನಿಸಲು ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಬತ್ತವು ಸಾರಗುಂದಿರುತ್ತದೆ, ರಾಗಿಯು ಕೆಡದೆ ನಿಂತಿರುತ್ತದೆ. ರಾಮನು ಅದಕ್ಕೆ ತನ್ನ ಹೆಸರನ್ನಿತ್ತು ಮನ್ನಿಸುತ್ತಾನೆ. ಈ ಕಾವ್ಯದಿಂದ ರಾಗಿಯು ‘ಯಕೃತ್ತಿಗೆ ಹಿತ’ವೆಂದೂ ‘ಸ್ಥೂಲತೆಯನ್ನು ಕರಗಿಸುತ್ತದೆ’ಯೆಂದೂ ಕನಕದಾಸರು ಸಾರಿದರೆಂಬಂತೆ ಮಾತನಾಡುವುದು ಇಂದು ರೂಢಿಯಾಗಿದೆ. ಕಾವ್ಯದಲ್ಲಿ ಅಂಥ ಮಾತಿಗೆ ಸ್ಥಾನವಿಲ್ಲ. ತೀರ್ಪಿನ ಆಧಾರವು ಧಾನ್ಯದ ಬಾಳಿಕೆ; ವಾದದ ತಿರುಳು ಬಡವರನ್ನು ಕ್ಷಾಮದಲ್ಲಿ ಕಾಯುವವರು ಯಾರೆಂಬುದು; ಅದರ ಹಿಂದಿರುವುದು ಕುಲದ ಮೇಲುಕೀಳುಗಳನ್ನು ಕುರಿತ ಕವಿಯ ಪ್ರಶ್ನೆ. ಹಸಿವಿನ ಕಾಲದ ಕಾವ್ಯವನ್ನು ಅತಿತೃಪ್ತಿಯ ಕಾಲದ ಔಷಧಪತ್ರವಾಗಿ ಓದುವುದರಿಂದ ಕಾವ್ಯಕ್ಕೂ ಅಪಚಾರ, ರೋಗಿಗೂ ಅಪಾಯ.

ಧಾನ್ಯಗಳ ಗುಣವನ್ನು ತಿಳಿಯಬೇಕಾದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳನ್ನು ನೋಡಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 321 ಕ್ಯಾಲೊರಿ, ಅಷ್ಟೇ ತೂಕದ ಗಿರಣಿ ಅಕ್ಕಿಯಲ್ಲಿ ಸುಮಾರು 356 ಕ್ಯಾಲೊರಿ. ನಾರಿನಂಶವು ರಾಗಿಯಲ್ಲಿ ಸುಮಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂನೊಳಗೆ. ಸುಣ್ಣದಂಶವು ರಾಗಿಯಲ್ಲಿ 360 ಮಿಲಿಗ್ರಾಂಗೂ ಮೇಲು, ಅಕ್ಕಿಯಲ್ಲಿ 10 ಮಿಲಿಗ್ರಾಂಗೂ ಕಡಮೆ. ನಾರು, ಸುಣ್ಣಗಳಲ್ಲಿ ರಾಗಿಯ ಮೇಲ್ಮೆ ನಿಸ್ಸಂದೇಹವಾದದ್ದು. ಆದರೆ ಕ್ಯಾಲೊರಿಯಲ್ಲಿ ಇವೆರಡಕ್ಕೂ ಇರುವ ಅಂತರ ಹತ್ತರಲ್ಲಿ ಒಂದು ಪಾಲಿನಷ್ಟು. ಉತ್ತು ಬಿತ್ತಿ ಬಂದವನ ಮುದ್ದೆಯನ್ನು ಕುಳಿತೇ ಕೆಲಸ ಮಾಡುವವನು ಅದೇ ಗಾತ್ರದಲ್ಲಿ ಉಂಡರೆ ಹೆಚ್ಚಿದ್ದು ಹೆಚ್ಚೇ. ಅದಕ್ಕೆ ಬೆಲ್ಲ, ತುಪ್ಪ ಬೆರಸಿ ಸಿರಿಧಾನ್ಯದ ಲಡ್ಡುವೆಂದು ಮಾರಿದರೂ ಲೆಕ್ಕ ಬದಲಾಗುವುದಿಲ್ಲ.

6

ಹಾಗಾದರೆ ಈ ಸೀಮೆಯಲ್ಲಿ ಬದಲಾದದ್ದೇನು? ಅದನ್ನು ಹೇಳುವುದೇ ಇತಿಹಾಸಕಾರನ ನಿಜವಾದ ಕೆಲಸ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣ 1930ರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1974ರಲ್ಲಿ ಕಪಿಲೆಗೆ ಕಬಿನಿ ಅಣೆಕಟ್ಟು ಬಂತು. ಗದ್ದೆ ಹಬ್ಬಿತು, ಕಬ್ಬು ಹಬ್ಬಿತು. ಶ್ರೀನಿವಾಸರು ಕಂಡ ಊರಿಗೇ ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಬಸ್ಸುಗಳೂ ಅಕ್ಕಿಗಿರಣಿಗಳೂ ಬಂದುವು. ಒರಳು ಒನಕೆಯ ದುಡಿಮೆ ಹೋಯಿತು, ತೌಡು ಕಳೆದ ಬಿಳಿಯ ಅಕ್ಕಿ ಬಂತು. ತರುವಾಯ ಪಂಪ್‌ಸೆಟ್ಟು, ಟ್ರ್ಯಾಕ್ಟರು, ದ್ವಿಚಕ್ರ ವಾಹನಗಳು ಮೈದುಡಿಮೆಯನ್ನು ಮತ್ತಷ್ಟು ಇಳಿಸಿದುವು. 2013ರ ಜುಲೈಯಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದ ಬಡವರ ಮನೆಯಲ್ಲಿಯೂ ಅನ್ನವು ದಿನದ ಊಟವಾಯಿತು. ಇದನ್ನು ನಾವು ದೋಷವಾಗಿ ಹೇಳುತ್ತಿಲ್ಲ. ಮಹಾಕ್ಷಾಮದ ಅಂಕಿಗಳನ್ನು ಮೇಲೆ ಉದಾಹರಿಸಿದವರು ಹಾಗೆ ಹೇಳಲಾರರು. ಹಬ್ಬದ ಊಟವು ನಿತ್ಯದ ಊಟವಾಯಿತು, ದುಡಿಮೆ ಇಳಿಯಿತು. ಇವೆರಡೂ ಒಂದೇ ತಲೆಮಾರಿನಲ್ಲಿ ಕೂಡಿಬಂದುವು. ಕ್ಯಾಲೊರಿಯ ಆಯವ್ಯಯದಲ್ಲಿ ಆದ ಈ ಬದಲಾವಣೆಗೆ ಹೊರಗಿನ ತಿನಿಸೊಂದೇ ಕಾರಣವಲ್ಲ. ಸಕ್ಕರೆಯ ಪಾನೀಯ, ಕರಿದ ತಿನಿಸುಗಳು ಅದಕ್ಕೆ ಮೇಲುಹೊರೆಯಾಗಿ ಸೇರಿದುವು.

ನಮ್ಮ ಜನರ ದೇಹವು ಈ ಬದಲಾವಣೆಗೆ ವಿಶೇಷವಾಗಿ ಈಡಾದದ್ದೆಂಬುದಕ್ಕೆ ಸಾಕ್ಷ್ಯವು ಮೈಸೂರಿನಲ್ಲಿಯೇ ದೊರೆತಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ದಾಖಲೆಯ ಪುಸ್ತಕಗಳನ್ನು ಹಿಡಿದು, ಅಂದಿನ ಶಿಶುಗಳನ್ನು ವಯಸ್ಕರಾದ ಮೇಲೆ ಹುಡುಕಿ ಪರೀಕ್ಷಿಸಿದ ಸಂಶೋಧನೆ 1990ರ ದಶಕದಲ್ಲಿ ನಡೆಯಿತು. ಕಡಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗವು ಹೆಚ್ಚೆಂದು 1996ರಲ್ಲಿಯೂ, ಹುಟ್ಟುವಾಗ ಉದ್ದದಲ್ಲಿ ಗಿಡ್ಡವಾಗಿ ಅದಕ್ಕೆ ಮೀರಿದ ತೂಕವಿದ್ದವರಲ್ಲಿ ಮಧುಮೇಹವು ಹೆಚ್ಚೆಂದು 1998ರಲ್ಲಿಯೂ ಅದು ಪ್ರಕಟಿಸಿತು. ಪುಣೆಯ ಯಾಜ್ಞಿಕರು ಮತ್ತು ಅವರ ಸಂಗಡಿಗರು 2003ರಲ್ಲಿ, ಅಲ್ಲಿನ ಹಳ್ಳಿಗಳ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಬಹಳ ಕಡಮೆಯಾದರೂ ಚರ್ಮದಡಿಯ ಕೊಬ್ಬಿನಲ್ಲಿ ಅಷ್ಟು ಹಿಂದುಳಿದಿಲ್ಲವೆಂದು ತೋರಿಸಿದರು. ಈ ಅಧ್ಯಯನಗಳು ಯಕೃತ್ತನ್ನು ನೇರವಾಗಿ ಕುರಿತವಲ್ಲ. ಆದರೆ ಮಧುಮೇಹಕ್ಕೂ ಯಕೃತ್ತಿನ ಕೊಬ್ಬಿಗೂ ಇನ್ಸುಲಿನ್ ಪ್ರತಿರೋಧವೆಂಬ ಬೇರು ಒಂದೇ ಆಗಿರುವುದರಿಂದ ಅವು ಇಲ್ಲಿ ಪ್ರಸ್ತುತ. ಬೊಜ್ಜಿನ ಗಡಿಯನ್ನು ದೇಹತೂಕ ಸೂಚ್ಯಂಕದಲ್ಲಿ ಯೂರೋಪಿನವರಿಗೆ 30 ಎಂದೂ ಭಾರತೀಯರಿಗೆ 25 ಎಂದೂ ಇರಿಸಿರುವುದು ಇಂಥ ಕಾರಣಗಳಿಂದಲೇ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ 1,911 ಮಂದಿಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಂತೆ ಶೇಕಡ 8.7ರಷ್ಟು ಜನರ ಯಕೃತ್ತಿನಲ್ಲಿ ಕೊಬ್ಬು ಕಂಡುಬಂತು. ಅವರಲ್ಲಿ ನಾಲ್ವರಲ್ಲಿ ಮೂವರ ಸೂಚ್ಯಂಕ 25ಕ್ಕಿಂತ ಕಡಮೆ. ‘ನಾನು ದಪ್ಪವಿಲ್ಲ, ನನಗೇನು’ ಎಂಬ ಮಾತೂ ಹಿರಿಯರ ಊಟದ ವಾದದಷ್ಟೇ ದುರ್ಬಲವೆಂದು ಇದರಿಂದ ವ್ಯಕ್ತವಾಗುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ವಿಚಾರವು ಅಪೂರ್ಣವಾದೀತು. ನಮ್ಮ ಹಳ್ಳಿಗಳಲ್ಲಿ ಯಕೃತ್ತು ಕೆಟ್ಟಿತೆಂದರೆ ಮೊದಲು ಹುಟ್ಟುವ ಸಂದೇಹ ಕುಡಿತದ್ದು. ಜನ್ಮದಲ್ಲಿ ಮದ್ಯವನ್ನು ಮುಟ್ಟದ ಹೆಂಗಸೋ ಮಡಿವಂತರೋ ಈ ರೋಗಕ್ಕೆ ಗುರಿಯಾದಾಗ ಅವರು ಅದನ್ನು ಮುಚ್ಚಿಡಲು ಈ ಸಂದೇಹವೇ ಕಾರಣವಾಗುತ್ತದೆ. 1980ರಲ್ಲಿ ಅಮೆರಿಕದ ಲುಡ್ವಿಗ್ ಎಂಬ ವೈದ್ಯರು, ಮದ್ಯಪಾನಿಗಳಲ್ಲದವರ ಯಕೃತ್ತಿನಲ್ಲಿಯೂ ಮದ್ಯಪಾನಿಗಳದ್ದನ್ನೇ ಹೋಲುವ ವಿಕಾರವನ್ನು ಕಂಡು ಅದಕ್ಕೆ ಹೆಸರಿಟ್ಟರು. ಆ ಹೆಸರಿನಲ್ಲಿ ‘ಮದ್ಯ’ವೆಂಬ ಶಬ್ದವು ನಿಷೇಧರೂಪವಾಗಿಯಾದರೂ ಉಳಿದಿತ್ತು. 2023ರಲ್ಲಿ ಅಂತಾರಾಷ್ಟ್ರೀಯ ವೈದ್ಯಸಂಘಗಳು ಅದನ್ನು ಕೈಬಿಟ್ಟು, ಚಯಾಪಚಯದ ವಿಕಾರವನ್ನು ಸೂಚಿಸುವ ಹೆಸರನ್ನು ಗೊತ್ತುಮಾಡಿದುವು. ರೋಗಿಗೆ ಅಂಟುವ ಕಳಂಕವನ್ನು ತೊಡೆಯುವುದು ಅದರ ಉದ್ದೇಶಗಳಲ್ಲಿ ಒಂದು. ಭಾರತ ಸರ್ಕಾರವು 2021ರಲ್ಲಿ ಈ ರೋಗವನ್ನು ತನ್ನ ಅಸಾಂಕ್ರಾಮಿಕ ರೋಗನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿಸಿತು. ಮೊದಲ ಮೆಟ್ಟಿಲಿನಲ್ಲಿ ಇದು ಹಿಂದಿರುಗಬಲ್ಲ ರೋಗವೆಂಬುದನ್ನು ಒತ್ತಿ ಹೇಳಬೇಕು. ಸ್ಥೂಲಕಾಯರು ದೇಹತೂಕದಲ್ಲಿ ನೂರಕ್ಕೆ ಐದರಷ್ಟನ್ನು ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ಏಳರಿಂದ ಹತ್ತರಷ್ಟನ್ನು ಇಳಿಸಿದರೆ ಉರಿಯೂತವೂ, ಹಲವರಲ್ಲಿ ನಾರುಗಟ್ಟಿದ್ದೂ ತಗ್ಗುತ್ತದೆ. ಆದಕಾರಣ ತಡಮಾಡಿಸುವ ವಾದವು ನಿರುಪದ್ರವಿಯೆನ್ನಲಾಗದು.

7

ಹಿರಿಯರ ಊಟದ ವಾದವನ್ನು ಎತ್ತುವವರ ಉದ್ದೇಶವು ಒಳ್ಳೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಸೊಪ್ಪುಸಾರು, ಹುರುಳಿ, ಅವರೆ, ರಾಗಿಗಳ ಊಟವು ಮರೆಯಾಗಬಾರದೆಂಬ ಅವರ ಕಳಕಳಿ ನಮ್ಮದೂ ಹೌದು. ಆದರೆ ಆ ಊಟವನ್ನು ಉಳಿಸಲು ಇಲ್ಲದ ಸಮೃದ್ಧಿಯನ್ನು ಹಿಂದಿನ ಕಾಲಕ್ಕೆ ಆರೋಪಿಸಬೇಕಾಗಿಲ್ಲ. ಆಹಾರೇತಿಹಾಸವನ್ನು ಬರೆಯುವವರಲ್ಲಿ ನಮ್ಮ ವಿಜ್ಞಾಪನೆಗಳು ಮೂರು. ಹಳೆಯ ಪಾಕವನ್ನು ಅಚ್ಚುಹಾಕಿಸುವಾಗ ಅದು ಯಾರದು, ಯಾವ ಸಂದರ್ಭದ್ದು, ವರ್ಷಕ್ಕೆ ಎಷ್ಟು ಸಲದ್ದು ಎಂಬುದನ್ನು ತಿಳಿದಮಟ್ಟಿಗೆ ಜೊತೆಯಲ್ಲಿಯೇ ಹೇಳಬೇಕು. ಸಂತರ್ಪಣೆಯ ಪಟ್ಟಿಗಳಲ್ಲದೆ ಕೂಲಿಗೆ ಅಳೆದ ಧಾನ್ಯದ ಲೆಕ್ಕ, ಮನೆಯ ಜಮಾಖರ್ಚಿನ ಪುಸ್ತಕ, ಕ್ಷಾಮದ ಕಡತ, ವೃದ್ಧೆಯರ ನೆನಪು ಇವುಗಳನ್ನು ಸಂಗ್ರಹಿಸಬೇಕು. ಸೋಸಲೆಯಂಥ ಊರುಗಳಲ್ಲಿ ಈ ಕಾರ್ಯಕ್ಕೆ ಕಾಲ ಮೀರುತ್ತಿದೆ. ಕಾವ್ಯವನ್ನಾಗಲಿ ಶಾಸನವನ್ನಾಗಲಿ ವೈದ್ಯಕೀಯ ಪ್ರಮಾಣವಾಗಿ ಮುಂದೊಡ್ಡಬಾರದು.

ಬತ್ತ ಬೆಳೆದು ರಾಗಿ ಉಂಡ ಒಂದು ಜನಾಂಗದ ಮೊಮ್ಮಕ್ಕಳು ಇಂದು ಬತ್ತವನ್ನೂ ಉಣ್ಣುವಂತಾಗಿದೆ. ಎಷ್ಟು ಉಣ್ಣಬೇಕೆಂಬ ಪ್ರಶ್ನೆಯು ಈ ಸೀಮೆಯ ಬಹುಜನರಿಗೆ ಚರಿತ್ರೆಯಲ್ಲಿ ಮೊದಲ ಸಲ ಎದುರಾಗಿದೆ. ಅದಕ್ಕೆ ಸಿದ್ಧ ಉತ್ತರವು ಹಿರಿಯರ ಬಳಿ ಇತ್ತೆಂದು ನಾವು ಹೇಳಲಾರೆವು. ಅವರಿಗೆ ಎದುರಾದ ಪ್ರಶ್ನೆಯೇ ಬೇರೆಯಾಗಿತ್ತು.